ಬಲಗಡೆಯ ಸೀಟು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅಮ್ಮಸಂದ್ರದಿಂದ ಸಿಮೆಂಟ್ ಸಾಗಿಸುವ ಲಾರಿಗೆ ಡ್ರೈವರಾಗಿದ್ದವನು ನಾನು. ಜೊತೆಯವರಲ್ಲಿ ಒಬ್ಬೊಬ್ಬನೂ ಒಂದೊಂದು ಹುಣಸೆಮರದ ಕೆಳಗೆ ಬಿಳಿ ಸೀರೆ ಕಂಡವನೇ. ‘ಸೀರೆ ಕಂಡಿದ್ದು ಮರದಲ್ಲೋ ಬಾಟ್ಲೀಲೋ?’ ಎಂದು ರೇಗಿಸುತ್ತಿದ್ದೆ. ಇವತ್ತೂ ರೇಗಿಸುತ್ತೇನೆ. ಆದರೆ ನನ್ನದೇ ಒಂದು ಸಂಗತಿ ಇದೆ, ಎಪ್ಪತ್ತರ ದಶಕ ಮುಗಿಯುವ ಹೊತ್ತಿನದು, ಹಾಡಹಗಲಲ್ಲಿ ನಡೆದದ್ದು. ನಂಬಿ ಎಂದು ನಿಮಗೆ ಹೇಳುವುದಿಲ್ಲ. ನಾನೇ ಪೂರ್ತಿ ನಂಬಿಲ್ಲ.

ನನಗೆ ಒಬ್ಬನೇ ಅಣ್ಣ. ಕುವೈತಿನಲ್ಲಿ ಕ್ರೇನ್ ಮೆಕ್ಯಾನಿಕ್. ಒಂಬತ್ತು ವರ್ಷದಲ್ಲಿ ಊರಿಗೆ ಬಂದದ್ದು ಒಂದೇ ಸಲ. ಆಗ ಅವ್ವನಿಗೆ ಮಾತು ಕೊಟ್ಟು ಹೋದ: ‘ಕಾರ್ ತತ್ತೀನಿ ಕಣವ್ವ. ಹಾಲ್ಕುರಿಕೆಯಿಂದ ಎತ್ತಿನ ಗಾಡೀಲಿ ಮದುವೆಯಾಗಿ ಬಂದ್ಯಲ್ಲ, ನಿನ್ ತವರಿಗೆ ಕಾರಲ್ಲಿ ಕರ್ಕಂಡೋಯ್ತೀನಿ.’ ಅವ್ವ, ‘ಸುಮ್ಕಿರ್ಲಾ, ಕಾರಂತೆ ಕಾರು. ಮೊದ್ಲು ಒಂದು ಹೆಣ್ಣು ತಾ’ ಎಂದು ಬೈದಳು. ಬೈದದ್ದು ಬಾಯಿ ಮಾತಿಗೆ. ಮಾರನೆಯ ದಿನಕ್ಕೆ ಆ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತು.

ಆಗಿನ ಕಾನೂನಿನಲ್ಲಿ ಅಲ್ಲಿನ ಕೆಲಸ ಬಿಟ್ಟು ಪೂರ್ತಿಯಾಗಿ ವಾಪಸ್ ಬರುವವನು, ತಾನು ಅಲ್ಲಿ ಓಡಿಸಿದ ಹಳೇ ಕಾರನ್ನು ಸ್ವಂತ ಉಪಯೋಗಕ್ಕೆ ತರಬಹುದಿತ್ತು. ಅಣ್ಣ ಒಂದು ಸೆಕೆಂಡ್ ಹ್ಯಾಂಡ್ ಜಪಾನಿ ಕಾರು ಕೊಂಡು, ವರ್ಷದ ಮೇಲೆ ಓಡಿಸಿ, ಹಡಗಿಗೆ ಹಾಕಿ, ತಾನು ವಿಮಾನದಲ್ಲಿ ಮದರಾಸಿಗೆ ಬಂದಿಳಿದ. ಹಡಗು ತಡವಾಯಿತು. ಆಮೇಲೆ ಸುಂಕದ ಕಚೇರಿಯ ಕಾಗದಪತ್ರ ತಡವಾಯಿತು. ಮದರಾಸಿನಿಂದ ನಮ್ಮೂರೇನು ಸೀಮೆಗಿಲ್ಲದ ದೂರವೇ? ‘ಒಂದು ಸಲ ಬಂದು ಅವ್ವನ ಮುಖ ನೋಡಿಕೊಂಡು ಹೋಗು’ ಎಂದು ನಾನು ಬರೆಯಬೇಕಿತ್ತು. ‘ಬಂದರೆ ಕಾರಿನಲ್ಲೇ ಬಾ, ಊರು ಬಾಯಿಬಿಟ್ಟು ನೋಡಬೇಕು’ ಎಂದು ಬರೆದೆ. ನನ್ನ ಬಾಯಿಗೆ ಮಣ್ಣು ಹಾಕ. ಅವನು ಸುಮಾರು ಒಂದು ತಿಂಗಳು ಲಾಡ್ಜಿನಲ್ಲೇ ಕಾದ. ಕಾರು ಬಿಡುಗಡೆಯಾಗಿ ಲಾಡ್ಜಿನ ಮುಂದೆ ಬಂದು ನಿಂತ ಮಾರನೆಯ ಬೆಳಿಗ್ಗೆ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಮೂವತ್ತೈದು ವಯಸ್ಸು.

ತಂತಿ ಬಂದದ್ದು ನನ್ನ ಲಾರಿ ಶೆಡ್ಡಿಗೆ. ಅವ್ವನ ಎದುರು ನಿಂತೆ, ಹೇಳಲಾಗಲಿಲ್ಲ. ‘ಅಣ್ಣನ್ನ ಕರ್ಕಂಬತ್ತೀನಿ’ ಎಂದುಬಿಟ್ಟೆ. ಮದರಾಸಿನಲ್ಲಿ ನಾನೊಬ್ಬನೇ ನಿಂತು ಎಲ್ಲ ಮುಗಿಸಿದೆ. ಬೂದಿಯನ್ನೂ ಅಲ್ಲೇ ಸಮುದ್ರಕ್ಕೆ ಬಿಟ್ಟೆ, ಮಡಕೆ ಹಿಡಿದು ಅವ್ವನ ಮುಂದೆ ನಿಲ್ಲುವ ಧೈರ್ಯವಿರಲಿಲ್ಲ. ಅಣ್ಣನ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ಕಾರು ಹತ್ತಿದೆ.

ಆ ಕಾರಿನ ಸ್ಟೇರಿಂಗ್ ಎಡಗಡೆಗೆ ಇತ್ತು. ನಮ್ಮ ರಸ್ತೆಯಲ್ಲಿ ಅಂಥ ಗಾಡಿ ಓಡಿಸುವುದು ಹಿಂಸೆ. ಮುಂದಿನ ಲಾರಿಯನ್ನು ದಾಟಬೇಕೆಂದರೆ ಎದುರಿಗೆ ಏನು ಬರುತ್ತಿದೆ ಎಂದು ಎಡಗಡೆ ಕೂತವನಿಗೆ ಕಾಣುವುದಿಲ್ಲ. ಬಲಗಡೆ ಒಬ್ಬ ಕೂತು ಇಣುಕಿ ನೋಡಿ ‘ಹೋಗು’ ಎನ್ನಬೇಕು. ಆ ಸೀಟು ಖಾಲಿ. ಹಾಗಾಗಿ ಮದರಾಸಿನಿಂದ ಮಾಯಸಂದ್ರದವರೆಗೆ ಯಾವ ಲಾರಿ ಸಿಕ್ಕಿದರೂ ಅದರ ಹಿಂದೆಯೇ ತೆವಳಿಕೊಂಡು ಬಂದೆ. ತಡವಾದಷ್ಟೂ ನನಗೆ ಒಳ್ಳೆಯದೇ ಆಗಿತ್ತು.

ತುರುವೇಕೆರೆ ದಾಟಿ ದಬ್ಬೇಘಟ್ಟದ ರಸ್ತೆಗೆ ಬಂದಾಗ ಸಂಜೆ ನಾಲ್ಕು ಗಂಟೆ ಇರಬೇಕು, ಬಿಸಿಲು ಚೆನ್ನಾಗಿತ್ತು. ಮುಂದೆ ತೆಂಗಿನಕಾಯಿ ಮಟ್ಟೆ ತುಂಬಿದ ಒಂದು ಲಾರಿ. ಮಟ್ಟೆಯ ಮೇಲೆ ಯಾರೋ ಒಬ್ಬ ನನ್ನ ಕಡೆ ಮುಖ ಮಾಡಿ ಕೂತು ಕೈ ಬೀಸುತ್ತಿದ್ದ. ನನಗೆ ಅದು ಯಾರೆಂದು ನೋಡುವ ಮನಸ್ಸಿರಲಿಲ್ಲ. ಒಂದು ಮೈಲಿ ಹೀಗೇ ಹೋಗಿರಬಹುದು. ಆಗ ಪಕ್ಕದಲ್ಲಿ, ‘ಹೋಗ್ಲಾ, ಖಾಲಿ ಐತೆ’ ಎಂದ ಹಾಗಾಯಿತು. ನಾನು ಹೋದೆ. ರಸ್ತೆ ಖಾಲಿಯೇ ಇತ್ತು. ಲಾರಿಯನ್ನು ದಾಟಿ ಸ್ವಲ್ಪ ದೂರ ಬಂದ ಮೇಲೆ ತಿರುಗಿ ಪಕ್ಕದ ಸೀಟು ನೋಡಿದೆ, ಯಾರೂ ಇಲ್ಲ. ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ, ಹೊಟ್ಟೆಗೆ ಬಿದ್ದಿರಲಿಲ್ಲ, ಅದಕ್ಕೇ ಹೀಗೆ ಎಂದುಕೊಂಡೆ. ಮನೆ ಇನ್ನು ಒಂದೂವರೆ ಮೈಲಿ. ಅವ್ವನಿಗೆ ಹೇಗೆ ಹೇಳಲಿ? ರಸ್ತೆ ಬಿಟ್ಟು ಒಂದು ತೋಟದ ದಾರಿಗೆ ಕಾರು ಇಳಿಸಿ ನಿಲ್ಲಿಸಿದೆ. ಹೊರಗೆ ಬಂದು ಒಂದು ತೆಂಗಿನ ಬುಡದಲ್ಲಿ ಕೂತು ಮನಸ್ಸು ಹಗುರಾಗುವಷ್ಟು ಅತ್ತೆ. ಹಗುರಾಗಲಿಲ್ಲ. ಮುಕ್ಕಾಲು ಗಂಟೆಯಾದರೂ ಕೂತಿದ್ದಿರಬೇಕು.

ಊರಿಗೆ ಹೋದರೆ ನಮ್ಮ ಮನೆ ಮುಂದೆ ಜನ. ಅಂಗಳಕ್ಕೆ ಆಗ ತಾನೇ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಅವ್ವ ಹೊಸ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ನಿಂತಿದ್ದಾಳೆ. ಕಾರು ನಿಲ್ಲುತ್ತಲೂ ನನ್ನ ಕಡೆಗೆ ನೋಡಲೇ ಇಲ್ಲ, ನೇರವಾಗಿ ಬಲಗಡೆಯ ಬಾಗಿಲಿಗೆ ಹೋದಳು. ಬಗ್ಗಿ ನೋಡಿದಳು. ಹಿಂದಿನ ಸೀಟನ್ನೂ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು:

‘ಎಲ್ಲಿ ಇಳ್ಸ್‌ದ್ಯಪ್ಪ ಅವನ್ನ?’

ಆ ಮಾತಿನ ಅರ್ಥ ನನಗೆ ಆಮೇಲೆ ತಿಳಿಯಿತು. ಮಟ್ಟೆ ಲಾರಿಯ ಮೇಲೆ ಕೂತಿದ್ದವನು ರಂಗಪ್ಪ, ನಮ್ಮ ತೋಟದಲ್ಲಿ ಕಾಯಿ ಸುಲಿಯುವವನು, ಅಣ್ಣನ ಜೊತೆ ಓದಿದವನು. ನಾನು ತೋಟದಲ್ಲಿ ಕೂತಿದ್ದಾಗ ಅವನು ಊರ ಬಾಗಿಲಲ್ಲಿ ಇಳಿದು ಓಡಿ ಬಂದು ಸುದ್ದಿ ಮುಟ್ಟಿಸಿದ್ದ. ‘ಅವ್ವಾ, ದೊಡ್ಡಣ್ಣ ಬಂದ. ಅವನೇ ಓಡಿಸ್ತಾವ್ನೆ, ಚಿಕ್ಕಣ್ಣ ಪಕ್ಕದಲ್ಲವ್ನೆ’ ಎಂದಿದ್ದ.

ಏನು ಹೇಳಿದೆನೋ, ಹೇಗೆ ಹೇಳಿದೆನೋ ನೆನಪಿಲ್ಲ. ತಟ್ಟೆ ಬಿದ್ದದ್ದು ನೆನಪಿದೆ. ರಂಗಪ್ಪ ತಲೆ ಚಚ್ಚಿಕೊಂಡು, ‘ನನ್ ಕಣ್ಣಾಣೆ ನೋಡ್ದೆ ಕಣಣ್ಣ, ಕೈ ಎತ್ತಿ ನಕ್ಕ’ ಎಂದು ಅಳುತ್ತಿದ್ದ.

ಮೂರು ದಿನ ಕಳೆದ ಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಮ್ಮ ಕಡೆ ಡ್ರೈವರ್ ಕೂರುವುದು ಬಲಗಡೆ. ಎಡಗಡೆ ಇದ್ದ ನನ್ನನ್ನು ರಂಗಪ್ಪ ಕಂಡ. ಹಾಗಾದರೆ ಓಡಿಸುತ್ತಿರುವವನು ಅಣ್ಣನೇ ಎಂದು ಅವನ ಕಣ್ಣು ಲೆಕ್ಕ ಹಾಕಿತು, ಬರುತ್ತಾನೆಂದು ಊರೆಲ್ಲ ಕಾಯುತ್ತಿತ್ತಲ್ಲ. ಇದನ್ನೇ ರಂಗಪ್ಪನಿಗೂ ಹೇಳಿದೆ. ಅವನು ತಲೆಯಾಡಿಸಿ ಕೇಳಿಸಿಕೊಂಡು, ‘ಇರಬೋದು ಬುಡಣ್ಣ. ಆದ್ರೆ ಅವ್ನು ಕನ್ನಡಕ ಯಾವಾಗಿಂದ ಹಾಕ್ತಿದ್ದ?’ ಎಂದ.

ಅಣ್ಣ ಕನ್ನಡಕ ಮಾಡಿಸಿದ್ದು ಮದರಾಸಿನಲ್ಲಿ, ಸಾಯುವ ನಾಲ್ಕು ದಿನ ಮೊದಲು, ಊರಿನ ತನಕ ಓಡಿಸಬೇಕಲ್ಲ ಎಂದು. ನನಗೇ ಗೊತ್ತಾದದ್ದು ಲಾಡ್ಜಿನವನು ಹೇಳಿದ ಮೇಲೆ. ಊರಲ್ಲಿ ಒಂದು ನರಪಿಳ್ಳೆಗೂ ನಾನದನ್ನು ಹೇಳಿರಲಿಲ್ಲ. ಕನ್ನಡಕ ಡಿಕ್ಕಿಯಲ್ಲಿದ್ದ ಪೆಟ್ಟಿಗೆಯೊಳಗೆ, ಅವನ ಅಂಗಿಯಲ್ಲಿ ಸುತ್ತಿದ ಹಾಗೇ ಇತ್ತು.

ಅವ್ವ ಆಮೇಲೆ ಏಳು ವರ್ಷ ಬದುಕಿದಳು. ಆ ಕಾರಿನಲ್ಲಿ ಒಂದು ಸಲವೂ ಕೂರಲಿಲ್ಲ. ದೊಡ್ಡ ಮಗ ಮದರಾಸಿನಲ್ಲಿ ಹೋದ ಎಂದು ಯಾರಾದರೂ ಅಂದರೆ, ‘ಇಲ್ಲ ಕಣವ್ವ, ದಬ್ಬೇಘಟ್ಟದ ರಸ್ತೆ ತಂಕ ಬಂದಿದ್ದ’ ಎನ್ನುತ್ತಿದ್ದಳು. ಎಲ್ಲಿ ಇಳಿಸಿದೆ ಎಂದು ನನ್ನನ್ನು ಮತ್ತೆ ಕೇಳಲಿಲ್ಲ.

ತೋಟದ ದಾರಿಯಲ್ಲಿ ಕಾರು ನಿಲ್ಲಿಸಿದ್ದನ್ನು ನಾನು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ. ಈಗ ನಿಮಗೇ ಮೊದಲು ಹೇಳುತ್ತಿರುವುದು. ರಂಗಪ್ಪ ಕಂಡದ್ದು ಸುಳ್ಳಾದರೆ ನನ್ನದೇನೂ ತಪ್ಪಿಲ್ಲ. ನಿಜವಾಗಿದ್ದರೆ, ಮನೆ ಇನ್ನು ಒಂದೂವರೆ ಮೈಲಿ ಇರುವಾಗ, ಅವ್ವ ಬಾಗಿಲಲ್ಲಿ ಕಾಯುತ್ತಿರುವಾಗ, ನಡುದಾರಿಯಲ್ಲಿ ಕಾರು ನಿಲ್ಲಿಸಿದವನು ನಾನು.