ಬಣ್ಣ ಹೋದರೂ ವಾಲ್ವ್ ತೆರೆಯದ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಚ್ಚಿಹೋದ ಕೀಟನಾಶಕ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ, ಎಲ್ಲರೂ ‘ವಾಲ್ವ್ ಅಕ್ಕ’ ಎಂದೇ ಕರೆಯುವ ಐವತ್ತು ದಾಟಿದ ಹೆಂಗಸು ತೊಟ್ಟಿಯ ಮೇಲೆ ಬಗ್ಗಿ ನಿಂತಿದ್ದಾರೆ. ನೆಲದಡಿಯಿಂದ ಎತ್ತಿದ ನೀರಿಗೆ ಕಡು ಚಹಾದ ಬಣ್ಣ. ಅದಕ್ಕೆ ಆಮ್ಲ, ಕಬ್ಬಿಣದ ಲವಣ ಬೆರೆಸಿ, ಪೆರಾಕ್ಸೈಡನ್ನು ಸಣ್ಣ ಧಾರೆಯಲ್ಲಿ ಬಿಡುತ್ತಾರೆ. ನೀರು ಬಿಸಿಯಾಗಿ ನೊರೆಯೇಳುತ್ತದೆ. ವರ್ಷಾನುಗಟ್ಟಲೆ ಮಣ್ಣಿನಲ್ಲಿ ಕೊಳೆಯದೆ ಕೂತ ವಿಷ ಹೀಗೆ ಉತ್ಕರ್ಷಣೆಗೊಂಡು ಚೂರುಚೂರಾಗುತ್ತದೆ.

ವಿಷ ಹೂತವರು ಗೇಟಿಗೆ ಬೀಗ ಜಡಿದು ಕೈತೊಳೆದುಕೊಂಡರು. ಆ ವಿಷವನ್ನು ಮುರಿಯುವ ಕೆಲಸ ಗುತ್ತಿಗೆಯ ಹೆಂಗಸಿನ ತಲೆಗೆ ಬಂತು. ಪೆರಾಕ್ಸೈಡ್ ತಾಗಿ ಅಕ್ಕನ ಬೆರಳ ತುದಿಗಳು ಸುಣ್ಣದಂತೆ ಬೆಳ್ಳಗಾಗಿವೆ, ಕೈಗವಸು ಹರಿದು ಚಿಂದಿಯಾಗಿದೆ. ಹೊಸ ಜೋಡಿ ಇಲ್ಲವೆಂದಲ್ಲ, ಬೀರುವಿನಲ್ಲಿದೆ! ಸಾಹೇಬರು ಬಂದ ದಿನ ಹೊರಗೆ ಬರುತ್ತದೆ, ಫೋಟೊ ತೆಗೆದಾದ ಮೇಲೆ ಮತ್ತೆ ಒಳಗೆ ಹೋಗುತ್ತದೆ. ಇದನ್ನು ಕೇಳಿ, ಅಕ್ಕನ ಕೆಲಸ ನೋಡಲು ಬಂದ ನನಗೆ ಮೈ ಉರಿಯುತ್ತದೆ. ಅಕ್ಕ ನಗುತ್ತಾರೆ.

“ಆ ಗ್ಲೌಸಿಗೆ ನನಗಿಂತ ಒಳ್ಳೆ ನೌಕರಿ. ಫೋಟೊಗೆ ನಿಂತ್ರೆ ಸಾಕು.”

ದಿನವೂ ಜಗಳ ಶುರುವಾಗುವುದು ನೀರು ತಿಳಿಯಾದಾಗ. ಬಣ್ಣ ಬೇಗ ಹೋಗುತ್ತದೆ, ವಿಷ ಪೂರ್ತಿ ಮುರಿಯುವಷ್ಟರಲ್ಲಿ ಸಂಜೆಯಾಗುತ್ತದೆ. ತೊಟ್ಟಿ ಬೇಗ ಖಾಲಿಯಾದಷ್ಟೂ ಮೇಲಿನವರಿಂದ ಶಹಬ್ಬಾಸ್ ಸಿಗುವ ಮೇಸ್ತ್ರಿ, “ತಿಳಿಯಾಯ್ತಲ್ಲ, ಬಿಟ್ಬಿಡಮ್ಮ,” ಎಂದು ಕೂಗುತ್ತಾನೆ. ಅಕ್ಕ ತೊಟ್ಟಿಯ ನೀರನ್ನು ಹೊರಗಿನ ಕಾಲುವೆಗೆ ಬಿಡುವ ವಾಲ್ವಿನ ತಿರುಗಣೆಯನ್ನೇ ಬಿಚ್ಚಿ ಊಟದ ಚೀಲಕ್ಕೆ ಹಾಕಿ, ಚೀಲವನ್ನು ಮಡಿಲಲ್ಲಿಟ್ಟು ಕೂತುಬಿಡುತ್ತಾರೆ. ಪ್ರಯೋಗಾಲಯದಿಂದ ‘ಸರಿ’ ಎಂದು ಬರುವವರೆಗೆ ಕೊಡುವುದಿಲ್ಲ.

“ಹೊಸದರಲ್ಲಿ ನಾನೂ ಬಿಟ್ಟಿದ್ದೆ. ನೀರು ಕನ್ನಡಿ ಥರ ಇತ್ತು, ನನಗೇನು ಗೊತ್ತು? ಆಮೇಲೆ ನಮ್ಮ ಬೀದಿ ಬಾವೀಲಿ ಇದೇ ವಾಸನೆ. ತಂಗಿ ಮಗೂಗೆ ಮೈ ತುಂಬ ಗುಳ್ಳೆ. ಅವಳು ನನ್ನನ್ನ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.”

ಆ ಬಾವಿಗೆ ಈಗ ಹಲಗೆ ಹೊಡೆದಿದ್ದಾರೆ. ಬೀದಿಯವರು ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಾರೆ. ಇಷ್ಟೆಲ್ಲ ಆದಮೇಲೂ ಮೇಲಿನವರಿಗೆ ಸಿಕ್ಕ ತಪ್ಪು ಒಂದೇ: ಅಕ್ಕನ ಕೆಲಸ ನಿಧಾನ! ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ಬಿಡಿಸುತ್ತಾರಂತೆ. ನೆಲ ಕೆಡಿಸಿದವರನ್ನು ಯಾರೂ ಒಂದು ಮಾತು ಕೇಳಲಿಲ್ಲ, ಕಾದು ನೀರು ಬಿಡುವವಳು ಭಾರವಾದಳು. ನಾಚಿಕೆಯಾಗಬೇಕು.

ಬೇಜಾರಿಲ್ಲವೇ ಎಂದು ಕೇಳುತ್ತೇನೆ.

“ಇರಲ್ವಾ ಮತ್ತೆ? ಮನೇಗೆ ಹೋಗಿ ಅತ್ತಿದ್ದೀನಿ. ಈಗ ಒಂದೇ ಆಸೆ. ನನ್ನ ಜಾಗಕ್ಕೆ ಬರೋರನ್ನ ಒಂದು ದಿನ ನನ್ನ ಜೊತೆ ಬಿಡಲಿ. ನೀರಿಗೆ ಏನು ಎಷ್ಟು ಹಾಕ್ಬೇಕು ಅಂತ ಯಾರು ಬೇಕಾದ್ರೂ ಕಲಿಸ್ತಾರೆ. ತಿರುಗಣೆ ಬಿಚ್ಚೋದು ಹೇಗೆ ಅಂತ ನಾನು ಕಲಿಸ್ತೀನಿ.”