ಸಿಗದ ಹೊಲಿಗೆ

"ದೊಡ್ಡವಳು ಸೂಜಿ, ಚಿಕ್ಕವಳು ದಾರ. ಇಬ್ಬರೂ ಕೂತರೆ ಹರಿದ ಆಕಾಶಕ್ಕೂ ತೇಪೆ ಬೀಳುತ್ತೆ" ಎಂದು ನೆರೆಹೊರೆಯವರು ಹೇಳುತ್ತಿದ್ದರು. ಒಂದೇ ಮನೆಯ ವಾರಗಿತ್ತಿಯರು. ತೂತು ಬಿದ್ದ ಬಟ್ಟೆಗೆ ಅದರದೇ ಅಂಚಿನ ಎಳೆ ಬಿಡಿಸಿ, ಒಂದು ಮೇಲೆ ಒಂದು ಕೆಳಗೆ ನೇಯ್ದು ಮುಚ್ಚುವುದು ಅವರ ಕಸುಬು. ದೊಡ್ಡವಳ ಕೈಗೆ ಅದು ಹತ್ತಲು ಹನ್ನೊಂದು ವರ್ಷ ಹಿಡಿದಿತ್ತು. ಬೆರಳ ತುದಿಯೆಲ್ಲ ಜರಡಿ. ಚಿಕ್ಕವಳಿಗೆ ಕಲಿಸಿದವಳೂ ಅವಳೇ. ಚಿಕ್ಕವಳೋ, ವರ್ಷ ತುಂಬುವಷ್ಟರಲ್ಲಿ ಹಾಡು ಗುನುಗುತ್ತ ಹೊಲಿಯತೊಡಗಿದಳು. ಆ ಗುನುಗೇ ದೊಡ್ಡವಳ ಹೊಟ್ಟೆಗೆ ಕಿಚ್ಚು.

ಒಂದು ದಿನ ಇಂಗ್ಲಿಷ್ ಮೇಷ್ಟ್ರು ತಮ್ಮ ಬೂದು ಕೋಟು ಒಯ್ಯಲು ಬಂದರು. ಮೊಣಕೈಯ ತೂತನ್ನು ಚಿಕ್ಕವಳು ಮುಚ್ಚಿದ್ದಳು. ಕನ್ನಡಕ ಹಣೆಗೇರಿಸಿ ಹುಡುಕಿದರು, ಸಿಗಲಿಲ್ಲ. "ಶೀ ಈಸ್ ಎ ನ್ಯಾಚುರಲ್!" ಎಂದರು.

"ಹಾಗಂದ್ರೆ ಏನು ಮೇಷ್ಟ್ರೇ?" ದೊಡ್ಡವಳು ಕೇಳಿದಳು.

"ಕೆಲವರಿಗೆ ವಿದ್ಯೆ ಹುಟ್ಟುತ್ತಲೇ ಬಂದಿರುತ್ತಮ್ಮ. ಯಾರೂ ಕಲಿಸಬೇಕಾಗಿಲ್ಲ."

"ಓಹೋ! ಹಾಗಾದ್ರೆ ನಾನಿಲ್ಲಿ ಇಷ್ಟು ದಿನ ನೊಣ ಹೊಡೀತಿದ್ನಾ?"

ಮೇಷ್ಟ್ರು ನಕ್ಕರು. ಸಡಿಲವಾದ ಗುಂಡಿಯೊಂದನ್ನು ತೋರಿಸಿ, ನಾಳೆ ಒಯ್ಯುತ್ತೇನೆಂದು ಕೋಟು ಬಿಟ್ಟುಹೋದರು.

ಚಿಕ್ಕವಳು ಬಟ್ಟೆ ಒಣಹಾಕಲು ಹೋದದ್ದೇ ತಡ, ದೊಡ್ಡವಳು ಕೋಟನ್ನು ತೊಡೆಗೆಳೆದುಕೊಂಡಳು. ಆ ಹೊಲಿಗೆ ಬಿಚ್ಚಿಬಿಡಬೇಕು. ತೂತು ಬಾಯಿಬಿಡಲಿ, ನ್ಯಾಚುರಲ್ಲಿನ ಬಣ್ಣ ಬಯಲಾಗಲಿ. ಬೆಳಕಿಗೆ ಹಿಡಿದಳು, ಉಗುರಲ್ಲಿ ಕೆರೆದಳು, ತೋಳಿನ ಒಳಮಗ್ಗುಲು ಹೊರಗೆ ಮಾಡಿದಳು. ಹೊಲಿಗೆ ಸಿಗಲೇ ಇಲ್ಲ. ಇದೇ ಇರಬೇಕೆಂದು ಒಂದು ಎಳೆ ಜಗ್ಗಿದರೆ, ಗಟ್ಟಿ ಬಟ್ಟೆಯೇ ಕಿತ್ತುಬಂತು! ಚಿಕ್ಕವಳು ಬರುವುದರೊಳಗೆ ಅವಸರವಸರವಾಗಿ ತಾನೇ ಮುಚ್ಚಿದಳು.

ಮರುದಿನ ಮೇಷ್ಟ್ರ ಬೆರಳು ನೆಟ್ಟಗೆ ಅಲ್ಲಿಗೇ ಹೋಯಿತು. "ಇದೇನಿದು? ನಿನ್ನೆ ಇರಲಿಲ್ವಲ್ಲ?"

"ನನ್ನ ಕತ್ತರಿ ತಾಗಿಬಿಡ್ತು ಮೇಷ್ಟ್ರೇ, ತಪ್ಪಾಯ್ತು" ಎಂದಳು ಚಿಕ್ಕವಳು, ತಲೆಯೆತ್ತದೆ.

ಅವಳು ಬೈದಿದ್ದರೆ ದೊಡ್ಡವಳು ತಡೆದುಕೊಳ್ಳುತ್ತಿದ್ದಳು. ಇದನ್ನು ಹೇಗೆ ತಡೆದುಕೊಳ್ಳುವುದು? ಗಂಡನ ಬೆನ್ನುಬಿದ್ದು ಎರಡು ಬೀದಿ ಆಚೆ ಒಂದು ಕೋಣೆ ಹಿಡಿಸಿದಳು. ಪಾತ್ರೆಪಡಗ, ಹಾಸಿಗೆ ಎಲ್ಲ ಹೋದವು. ಉಳಿದಿದ್ದ ಸೂಜಿಡಬ್ಬಿಗೆಂದು ಕಡೆಯ ಸಲ ಬಂದವಳು ಹೊಸ್ತಿಲಲ್ಲಿ ನಿಂತಳು.

"ಆ ತೂತು ಮಾಡಿದ್ದು ನಾನೇ ಕಣೇ."

"ಗೊತ್ತಕ್ಕ. ನಿಮ್ಮ ಕೈ ಹೊಲಿಗೆ ನಂಗೆ ಗೊತ್ತಾಗಲ್ವಾ? ಅದನ್ನ ನೋಡ್ಕೊಂಡೇ ತಾನೇ ನಾನು ಕಲ್ತಿದ್ದು!"

ಆ ಒಂದು ಮಾತಿಗೇ ದೊಡ್ಡವಳು ಇಷ್ಟು ದಿನ ಕಾದಿದ್ದು. ಕಣ್ಣು ತುಂಬಿತು. ಅದರ ಬೆನ್ನಿಗೇ ಹೊಟ್ಟೆಯೂ ಉರಿಯಿತು. ಥೂ, ಮಾತಾಡುವುದೂ ಇವಳಿಗೇ ಬರಬೇಕೆ!

ಡಬ್ಬಿಯನ್ನು ಅವಚಿಕೊಂಡು, ಚಪ್ಪಲಿ ಮೆಟ್ಟಿ, ಬಿರಬಿರನೆ ಬೀದಿಗಿಳಿದಳು.