ರೆಕ್ಕೆ ಮೇಲೋ, ಕೆಳಗೋ

ಪಾರ್ಶ್ವವಾಯು ಬಡಿದಾಗ ನನ್ನ ಹೆಂಡತಿಯ ಬಲಗೈ ಜೊತೆಗೆ ಮಾತೂ ಹೋಯಿತು. ಮನೆಯ ಸಾಮಾನು ತೋರಿಸಿ ಹೆಸರು ಹೇಳಿಸಿರಿ ಎಂದಿದ್ದರು ಬೆಳಗಾವಿಯ ಡಾಕ್ಟರು. ಬೈಲಹೊಂಗಲದ ನಮ್ಮ ಮನೆಯಲ್ಲಿ ನಾನು ಚಮಚ, ಬಾಚಣಿಗೆ, ಕಡ್ಡಿಪೆಟ್ಟಿಗೆ ಹಿಡಿದು ಅವಳ ಮುಂದೆ ಕೂರುತ್ತಿದ್ದೆ. ಮುರಗೋಡದ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತ ಆಯುಷ್ಯ ಕಳೆದವಳು ಅವಳು. ಕೆಲವೇ ದಿನಗಳಲ್ಲಿ ಚಮಚವನ್ನು ಎಡಗೈಯಿಂದ ತಳ್ಳಿ ಗೋಡೆಯ ಕಡೆ ಹೊರಳಿದಳು.

ಸಂಜೆ ಗಾಳಿಗೆಂದು ಅವಳನ್ನು ಹಿಡಿದುಕೊಂಡು ಮಾಳಿಗೆ ಹತ್ತಿಸುತ್ತಿದ್ದೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಅಲ್ಲಿಂದ ಕಾಣುತ್ತವೆ. ಒಂದು ದಿನ ಅವಳು ತಲೆ ಎತ್ತಿ ನೋಡಿದಳು. ಅದು ಯಾವ ವಿಮಾನವೆಂದು ನನಗೂ ತಿಳಿಯದು. ದೂರದ ಊರಿನ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದ ಮಗಳಿಗೆ ಫೋನ್ ಹಚ್ಚಿದೆ.

"ಮೊದಲ ರೆಕ್ಕಿ ನೋಡ್ರಿ ಅಪ್ಪಾ. ರೆಕ್ಕಿ ಬೆನ್ನ ಮ್ಯಾಲಿದ್ದು ಪಂಖಾ ತಿರಗಾಕತ್ತಿದ್ರ ಎಟಿಆರ್. ರೆಕ್ಕಿ ಕೆಳಗ ಇಂಜಿನ್ ಇದ್ದು, ರೆಕ್ಕಿ ತುದಿ ಮ್ಯಾಲಕ ಬಾಗಿದ್ರ ನಮ್ಮ ಕಡೆ ಬರೂದು ಬಹಳ ಮಾಡಿ ಏರ್‌ಬಸ್. ಇಂಜಿನ್ ಹಿಂದ ಬಾಲದ ಹಂತ್ಯಾಕ ಇದ್ರ ಎಂಬ್ರೇಯರ್."

ಚಮಚದ ಹೆಸರು ನನಗೆ ಗೊತ್ತಿತ್ತು, ಅವಳಿಗೆ ಬರುತ್ತಿರಲಿಲ್ಲ. ಅದೇ ಅವಳಿಗೆ ಅವಮಾನವಾಗಿತ್ತು. ವಿಮಾನದ ವಿಷಯದಲ್ಲಿ ಇಬ್ಬರೂ ಹೊಸಬರು, ದಿನಾ ಸಂಜೆ ಗುರುತಿಸಲು ಹೋಗಿ ನಾನೂ ತಪ್ಪುತ್ತಿದ್ದೆ.

ಮಳೆಗಾಲ ಮುಗಿಯುತ್ತಿದ್ದಾಗ ಒಂದು ಸಂಜೆ, "ಏರ್‌ಬಸ್ ಬಂತ ನೋಡು" ಎಂದೆ. ಅವಳು ತಲೆ ಅಲ್ಲಾಡಿಸಿದಳು. ಬಹಳ ತಿಣುಕಿ, "ಅಲ್ಲರಿ… ಬಾಲ" ಎಂದಳು. ನೋಡಿದರೆ ಇಂಜಿನ್ ಬಾಲದ ಪಕ್ಕದಲ್ಲಿಯೇ ಇತ್ತು. ನನಗೆ ಅಳು ಬಂತು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಸೊಟ್ಟಗಾದ ಬಾಯಿಯಿಂದ ತಿಳಿಯಲಿಲ್ಲ.

ಆಮೇಲೆ ರೆಕ್ಕೆ ಬಂತು, ಪಂಖಾ ಬಂತು. ಮಗಳ ಹೆಸರು ಬರಲಿಲ್ಲ. ಮಗಳು ಫೋನಿನಲ್ಲಿ ತನ್ನ ಹೆಸರಿಗಾಗಿ ಕಾಯುವಳು, ಇವಳು "ಪಂಖಾ, ಪಂಖಾ" ಎನ್ನುವಳು.

ಚಳಿಗಾಲದಲ್ಲಿ ಎರಡನೇ ಸಲ ಬಡಿಯಿತು. ಬೆಳಗಾವಿಗೆ ಒಯ್ಯುವಾಗ, ಸಂಪಗಾಂವ ದಾಟಿದ ಮೇಲೆ ವಿಮಾನವೊಂದರ ಸದ್ದು ಕೇಳಿತು. "ನೋಡು, ಇಂಜಿನ್ ಎಲ್ಲೈತಿ?" ಎಂದೆ. ಅವಳ ಕಣ್ಣುಗಳು ತೆರೆದಿದ್ದವು. ಕಿಟಕಿಯ ಕಡೆ ಹೊರಳದೆ ನನ್ನ ಮುಖದ ಮೇಲೆಯೇ ನಿಂತಿದ್ದವು.

ಆಸ್ಪತ್ರೆಯಿಂದ ಅವಳು ಜೀವಂತ ಮರಳಲಿಲ್ಲ. ಕಾರ್ಯ ಮುಗಿಸಿ ತನ್ನ ಊರಿಗೆ ಹೊರಟ ಮಗಳು ಹೊಸ್ತಿಲಲ್ಲಿ ನಿಂತು, "ಅವ್ವ ಕಡೀಕ ಯಾರನ್ನರ ಕರದ್ಲೇನ್ರಿ?" ಎಂದು ಕೇಳಿದಳು.

"ಇಲ್ಲವಾ. ನನ್ನೂ ಕರೀಲಿಲ್ಲ."

ಮಗಳು ಚೀಲ ಕೆಳಗಿಟ್ಟಳು. ಆ ದಿನ ಹೋಗಲಿಲ್ಲ.